ಗಾಳಿಮರದ ಕವಿತೆಗೆ 23 ದಿನ: ಇಂಗ್ಲಿಷ್ ವಿಶ್ಲೇಷಣಾ ಪ್ರಬಂಧ ಬರೆದ ಬಗೆ

ಮೊನ್ನೆ ಪ್ರಬಂಧ ಒಪ್ಪಿಸಿದ್ದಾಯಿತು, ನಿನ್ನೆ ವೈವಾ, ಎಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಕವಿತೆ ಕೈಗೆ ಬಂದ ದಿನದಿಂದ ಲೆಕ್ಕ ಹಾಕಿದರೆ 23 ದಿನ. ಕಾರವಾರದಲ್ಲಿ ಬಿ.ಎ. ಇಂಗ್ಲಿಷ್ ಐಚ್ಛಿಕ ಓದುವ ನಮಗೆ ಈ ಸೆಮಿಸ್ಟರ್‌ನಲ್ಲಿ ಕೊಟ್ಟದ್ದು ಒಂದೇ ಕವಿತೆ, ಇಂಗ್ಲಿಷಿನಲ್ಲಿ ಬರೆದ ಹತ್ತೊಂಬತ್ತನೇ ಶತಮಾನದ ಬಂಗಾಳಿ ಕವಯಿತ್ರಿ ತೋರು ದತ್ ಅವರ ‘ಅವರ್ ಕ್ಯಾಸುವರೀನಾ ಟ್ರೀ’. ಕ್ಯಾಸುವರೀನಾ ಎಂದರೆ ಗಾಳಿಮರ. ಬರೆಯಬೇಕಾದದ್ದು 1,500 ಪದ, ಅದೂ ಉಲ್ಲೇಖ, ಅಂಚು, ಗ್ರಂಥಪಟ್ಟಿ ಹೇಗಿರಬೇಕೆಂದು ಹೇಳುವ ಎಂಎಲ್‌ಎ ಕ್ರಮದಲ್ಲಿ. ಮುಂದಿನ ಬ್ಯಾಚಿಗೆ ಬೇರೆ ಕವಿತೆ ಬರಬಹುದು, ಎಡವುವ ಜಾಗ ಮಾತ್ರ ಇವೇ ಇರುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಎಲ್ಲೆಲ್ಲಿ ದಿನ ಹಾಳಾಗುತ್ತದೆ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲ ಮೂರು ದಿನ ಹೋದದ್ದು ಪಠ್ಯಕ್ಕೇ. ಮೊಬೈಲಿನಲ್ಲಿ ಸಿಕ್ಕಿದ ಪ್ರತಿಯನ್ನು ಪ್ರಿಂಟ್ ಹಾಕಿಸಿ, ಅಂಚಿನಲ್ಲಿ ಸಾಲಿನ ಸಂಖ್ಯೆ ಬರೆಯುತ್ತ ಹೋದರೆ ಕೊನೆಗೆ ಸಿಕ್ಕಿದ್ದು 54. ಈ ಕವಿತೆಯಲ್ಲಿ ಐದು ಸ್ಟಾಂಜಾ (ಸಾಲುಗಳ ಗುಂಪು), ಒಂದೊಂದರಲ್ಲಿ 11 ಸಾಲು, ಒಟ್ಟು 55 ಇರಬೇಕು. ನಾಲ್ಕನೆಯ ಸ್ಟಾಂಜಾದಲ್ಲಿ ಒಂದು ಸಾಲು ಹಾರಿಹೋಗಿತ್ತು. ಪ್ರಬಂಧದಲ್ಲಿ ಪ್ರತಿ ಉಲ್ಲೇಖಕ್ಕೂ ಸಾಲಿನ ಸಂಖ್ಯೆ ಕೊಡಬೇಕಾದ್ದರಿಂದ ಒಂದು ಸಾಲು ಬಿಟ್ಟರೆ ಅದರ ಮುಂದಿನ ಸಂಖ್ಯೆಗಳೆಲ್ಲ ತಪ್ಪುತ್ತವೆ. ಕವಿತೆ ಮೊದಲು ಪುಸ್ತಕದಲ್ಲಿ ಬಂದದ್ದು 1882ರಲ್ಲಿ, ಕವಿ ತೀರಿಕೊಂಡು ಐದು ವರ್ಷದ ನಂತರ. ಆ ಸಂಕಲನದ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಪದ ಪದ ತಾಳೆ ನೋಡಿದ ಮೇಲೆಯೇ ಪಠ್ಯ ನಂಬಲು ಬಂತು. ಯಾವ ಕವಿತೆ ಬಂದರೂ ಮೊದಲ ದಿನವೇ ಸಾಲು ಎಣಿಸಿ.

ತಾಳೆ ನೋಡಿದ ಪಠ್ಯವನ್ನು ಕೈಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು, ಎರಡು ಸಾಲಿನ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು. ಬರೆದಾಗ ಕಣ್ಣು ಹಾರಿಸಿದ್ದನ್ನು ಕೈ ಹಿಡಿಯುತ್ತದೆ. ಆಮೇಲೆ ಮೂರು ಬಾರಿ ಗಟ್ಟಿಯಾಗಿ ಓದಬೇಕು. ಪ್ರಾಸ ಎಲ್ಲಿ ಕೂಡುತ್ತದೆ, ವಾಕ್ಯ ಎಲ್ಲಿ ಸಾಲು ದಾಟುತ್ತದೆ ಎಂಬುದು ಕಿವಿಗೆ ಮೊದಲು ಗೊತ್ತಾಗುತ್ತದೆ.

ಗೊತ್ತಿರುವ ಪದಕ್ಕೂ ನಿಘಂಟು ತೆಗೆಯಬೇಕು ಎಂದು ಅಧ್ಯಾಪಕಿ ಹೇಳಿದ್ದರು. ಅದರ ಬೆಲೆ ತಿಳಿದದ್ದು ‘ಶಿಂಗಲ್ ಬೀಚ್’ ಎಂಬಲ್ಲಿ. ಕವಿತೆಯ 31ನೇ ಸಾಲಿನಲ್ಲಿ ಗಾಳಿಮರದ ಮೊರೆತಕ್ಕೆ ಶಿಂಗಲ್ ತೀರದಲ್ಲಿ ಒಡೆಯುವ ಕಡಲಿನ ಹೋಲಿಕೆ ಇದೆ. ಕಾರವಾರದಲ್ಲಿ ಕೂತು ಓದಿದವರಿಗೆ ಅದು ನಮ್ಮ ಮರಳಿನ ದಂಡೆಯಂತೆಯೇ ಕಾಣುತ್ತದೆ. ಶಿಂಗಲ್ ಎಂದರೆ ಮರಳಲ್ಲ, ನುಣುಪಾದ ಉರುಟು ಕಲ್ಲು. ಮಾಜಾಳಿ ಪಕ್ಕದ ತಿಲಮಾತಿಯ ಎಳ್ಳಿನಂಥ ಕರಿ ಮರಳೂ ಶಿಂಗಲ್ ಆಗುವುದಿಲ್ಲ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗೊರಗೊರ ಸದ್ದು ಹೊರಡುತ್ತದೆ. ಹೋಲಿಕೆ ನಿಂತಿರುವುದು ಆ ಸದ್ದಿನ ಮೇಲೆ. ‘ಡರ್ಜ್’ ಕೂಡ ಹಾಗೆಯೇ. ಬರೀ ಶೋಕಗೀತೆ ಎಂದು ಬಿಟ್ಟರೆ ಅರ್ಧ ಅರ್ಥ ಹೋಯಿತು. ಸತ್ತವರಿಗಾಗಿ ಚರ್ಚಿನಲ್ಲಿ ಹೇಳುವ ಲ್ಯಾಟಿನ್ ಪ್ರಾರ್ಥನೆಯ ಮೊದಲ ಪದ ‘ದಿರಿಗೆ’ಯಿಂದ ಹುಟ್ಟಿದ ಪದ ಅದು. ದತ್ ಕುಟುಂಬ 1862ರಲ್ಲಿ ಕ್ರೈಸ್ತ ಧರ್ಮ ಸೇರಿತ್ತು ಎಂಬ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೀಗೆ 14 ಪದ ಹುಡುಕಿದ್ದರಲ್ಲಿ ಪ್ರಬಂಧಕ್ಕೆ ಬಂದದ್ದು ಮೂರು. ಉಳಿದ ಹನ್ನೊಂದು ಪದದ ಶ್ರಮ ವ್ಯರ್ಥ ಎಂದು ಅನಿಸಲಿಲ್ಲ, ಯಾವ ಮೂರು ಬೇಕು ಎಂದು ಮೊದಲೇ ಹೇಳಲು ಬರುವುದಿಲ್ಲ.

ಐದನೇ ದಿನಕ್ಕೆ ವಾದದ ವಾಕ್ಯ ತೋರಿಸಬೇಕಿತ್ತು. ಥೀಸಿಸ್ ಸ್ಟೇಟ್‌ಮೆಂಟ್ ಅನ್ನುತ್ತಾರಲ್ಲ, ಅದೇ. ಕೊಟ್ಟದ್ದು ಹೀಗಿತ್ತು: ಈ ಕವಿತೆಯಲ್ಲಿ ಮರ ಕಳೆದ ಬಾಲ್ಯದ ನೆನಪಿನ ಸಂಕೇತವಾಗಿದೆ. ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ ಬಂತು: ಇದನ್ನು ಯಾರು ಅಲ್ಲವೆನ್ನುತ್ತಾರೆ? ಆ ಸಂಜೆ ನಿಜಕ್ಕೂ ಕೈ ಕಟ್ಟಿದಂತಾಯಿತು, ಏಕೆಂದರೆ ಗೈಡಿನಲ್ಲಿ ಇರುವುದೆಲ್ಲ ಅಂಥ ವಾಕ್ಯಗಳೇ. ವಾದವೆಂದರೆ ಏನು ಎಂಬುದು ಕೊನೆಗೆ ಹೊಳೆದದ್ದು ವೇಷ, ಕುಣಿತವಿಲ್ಲದ ಯಕ್ಷಗಾನವಾದ ನಮ್ಮ ಕಡೆಯ ತಾಳಮದ್ದಳೆಯನ್ನು ನೆನೆದಾಗ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿಗೆ, ಎಂದರೆ ಪಾತ್ರವಾಗಿ ಮಾತಾಡುವವರಿಗೆ, ಇರುವ ಬಂಡವಾಳ ಅಷ್ಟೇ. ಆ ಪದ್ಯದ ಪದಗಳನ್ನೇ ಬಿಡಿಸಿ ಪಕ್ಷ ಕಟ್ಟಬೇಕು, ಎದುರಿನವರು ಅದೇ ಪದ್ಯದಿಂದಲೇ ಅದನ್ನು ಕೆಡವಲು ನೋಡುತ್ತಾರೆ. ಎದುರಿನವರಿಗೆ ಆಡಲು ಮಾತೇ ಇಲ್ಲದಂಥ ಅರ್ಥ ಹೇಳಿದರೆ ಪ್ರಸಂಗ ಮುಂದೆ ಸಾಗುವುದಿಲ್ಲ. ಪ್ರಬಂಧದ ವಾಕ್ಯವನ್ನೂ ಹೀಗೆಯೇ ಪರೀಕ್ಷಿಸಬೇಕು: ಇದೇ ಕವಿತೆ ಓದಿದ ಒಬ್ಬ ಜಾಣ ಓದುಗ ಪಠ್ಯದ ಒಂದು ಸಾಲು ತೋರಿಸಿ ‘ಅಲ್ಲ’ ಎನ್ನಲು ಸಾಧ್ಯವಿದೆಯೇ? ಇದ್ದರೆ ಅದು ವಾದ, ಇಲ್ಲದಿದ್ದರೆ ಬರೀ ವಿಷಯ.

ಅಂಥ ವಾಕ್ಯ ಸಿಗುವುದು ಕವಿತೆಯಲ್ಲಿ ಹೊಂದದೆ ಉಳಿದಿರುವ ಜಾಗದಲ್ಲಿ. ಇಲ್ಲಿನ ಮರ ನಿಂತಿರುವುದು ಕೊಲ್ಕತ್ತದ ತೋಟದಲ್ಲಿ, ಅದರ ನೆರಳು ಬೀಳುವುದು ನೈದಿಲೆ ಅರಳಿದ ಕೆರೆಯ ಮೇಲೆ. ಸುತ್ತ ಎಲ್ಲೂ ಕಡಲಿಲ್ಲ. ಹಾಗಿದ್ದರೂ ಅದರ ದನಿ ಕಡಲಿನಂತೆ ಕೇಳುತ್ತದೆ. ಕಾರವಾರದವರಿಗೆ ಈ ಹೋಲಿಕೆ ಸಹಜವಾಗಿಬಿಡುವ ಅಪಾಯ ಹೆಚ್ಚು, ಏಕೆಂದರೆ ನಮ್ಮ ತೀರದಲ್ಲಿ ಗಾಳಿಮರದ ಸುಯ್ಯೆನ್ನುವ ಸದ್ದೂ ಅಲೆಯ ಸದ್ದೂ ಒಟ್ಟಿಗೇ ಬರುತ್ತವೆ, ಬೇರೆ ಮಾಡಿ ಕೇಳುವುದೇ ಕಷ್ಟ. ಸೂಜಿಯಂಥ ತೆಳು ರೆಂಬೆಗಳ ನಡುವೆ ಗಾಳಿ ಸೀಳಿಕೊಂಡು ಹೋಗುವುದರಿಂದ ಹುಟ್ಟುವ ಸದ್ದು ಅದು. ಆದರೆ ಕವಿತೆಯಲ್ಲಿ ಕಡಲು ಮೂರನೇ ಸ್ಟಾಂಜಾದವರೆಗೆ ಎಲ್ಲೂ ಇಲ್ಲ. ಗೆಳೆಯರು ಇಲ್ಲವಾದ ಮಾತು ಬಂದ ಮೇಲೆಯೇ ಅದು ಬರುತ್ತದೆ. ಯಾಕೆ ಅಲ್ಲಿ, ಯಾಕೆ ಆಗ? ಪ್ರಬಂಧಕ್ಕೆ ಬೇಕಾದದ್ದು ಇಂಥ ಪ್ರಶ್ನೆ. ಊರಿನ ಅನುಭವ ಈ ಪ್ರಶ್ನೆಯವರೆಗೆ ತಂದು ಬಿಡಬಹುದು, ಉತ್ತರಕ್ಕೆ ಸಾಕ್ಷಿ ಕವಿತೆಯೊಳಗಿಂದಲೇ ಬರಬೇಕು.

ಎರಡನೇ ವಾದದ ವಾಕ್ಯ ಹೀಗಾಯಿತು: ಈ ಕವಿತೆಯಲ್ಲಿ ಮರ ಉಳಿಯುವುದು ರೂಪದಿಂದಲ್ಲ, ದನಿಯಿಂದ. ಮೊದಲೆರಡು ಸ್ಟಾಂಜಾಗಳಲ್ಲಿ ಕಣ್ಣಿಗೆ ಬೀಳುವ ಸಂಗತಿಗಳು ತುಂಬಿವೆ: ಹೆಬ್ಬಾವಿನಂತೆ ಸುತ್ತಿದ ಬಳ್ಳಿ, ಕೆಂಪು ಹೂಗೊಂಚಲು, ತುದಿಯಲ್ಲಿ ಕೂತ ಬೂದು ಮಂಗ, ಕೆರೆಯ ನೈದಿಲೆ. ಮೂರನೆಯದರಿಂದ ಮೊರೆತ, ಪ್ರಲಾಪ, ದೂರದ ತೀರಗಳಲ್ಲಿ ಕೇಳುವ ಗೋಳು. ಕೋಷ್ಟಕ ಹಾಕಿ ನೋಡಿದಾಗ ಚೆನ್ನಾಗಿಯೇ ಹೊಂದಿತು. ಅದನ್ನು ಹಿಡಿದು 600 ಪದ ಬರೆದ ಮೇಲೆ ಎರಡು ಕಡೆ ಮುರಿಯಿತು. ಒಂದು, ಮೊದಲ ಸ್ಟಾಂಜಾದ ಕೊನೆಯಲ್ಲೇ ಒಂದು ಹಾಡಿದೆ. ರಾತ್ರಿ ಕತ್ತಲಲ್ಲಿ ಮರದಿಂದ ಕೇಳುವ, ಮುಗಿಯದಂತೆ ತೋರುವ ಹಾಡು. ಎರಡು, ನಾಲ್ಕನೇ ಸ್ಟಾಂಜಾದಲ್ಲಿ ಫ್ರಾನ್ಸ್, ಇಟಲಿಯ ತೀರದಲ್ಲಿ ಆ ಸಂಗೀತ ಎದ್ದಾಗ ಒಳಗಣ್ಣಿನ ಮುಂದೆ ಎದ್ದು ನಿಲ್ಲುವುದು ಮರದ ರೂಪವೇ. ರೂಪ ಅಳಿಯುತ್ತದೆ ಎಂದು ವಾದಿಸಿದ್ದವರ ಎದುರು 42ನೇ ಸಾಲು ಅಡ್ಡ ನಿಂತಿತು.

ಇಲ್ಲಿ ಬಹಳ ಮಂದಿ ಆ ಎರಡು ಸಾಲುಗಳನ್ನು ಕಾಣದಂತೆ ಬಿಟ್ಟು ಬರೆದು ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಡ್ಡ ನಿಂತ ಸಾಲು ಮೇಲಾದ ವಾದದ ಕಡೆಗೇ ದಾರಿ ತೋರಿಸುತ್ತದೆ. 41ನೇ ಸಾಲಿನಲ್ಲಿ ಸಂಗೀತ ‘ರೋಸ್’, ಎದ್ದಿತು. 42ರಲ್ಲಿ ರೂಪವೂ ‘ರೋಸ್’, ಎದ್ದಿತು. ಒಂದೇ ಕ್ರಿಯಾಪದ ಎರಡು ಬಾರಿ, ಪಕ್ಕಪಕ್ಕದ ಸಾಲುಗಳಲ್ಲಿ. ದನಿ ಮೊದಲು ಏಳುತ್ತದೆ, ಅದರ ಬೆನ್ನಿಗೆ ರೂಪ ಏಳುತ್ತದೆ. ಇನ್ನೂ ಹಿಂದೆ ಹೋಗಿ 29 ಮತ್ತು 30ನೇ ಸಾಲು ನೋಡಿದರೆ ಇನ್ನೂ ಖಚಿತ: 29ರಲ್ಲಿ ಬಿಸಿ ಕಣ್ಣೀರು ಕಣ್ಣನ್ನು ಕುರುಡು ಮಾಡುತ್ತದೆ, ಮರುಸಾಲಿನಲ್ಲೇ ಕಿವಿಗೆ ಮೊರೆತ ಬೀಳುತ್ತದೆ. ಕಣ್ಣು ಮುಚ್ಚಿದ ಜಾಗದಲ್ಲೇ ಕಿವಿ ತೆರೆದಿದೆ. ಇದು ಸಿಕ್ಕಿದ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು. ಮೂರನೇ ವಾದದ ವಾಕ್ಯ, ಕೊನೆಗೆ ಉಳಿದದ್ದು: ದುಃಖ ಕಣ್ಣನ್ನು ಮಸುಕಾಗಿಸಿದಾಗ ಈ ಕವಿತೆ ಮರವನ್ನು ದನಿಯಾಗಿ ಬದಲಿಸುತ್ತದೆ, ಆ ದನಿಯೇ ಕಳೆದುಹೋದ ರೂಪವನ್ನು ದೂರದ ತೀರದಲ್ಲಿ ಮತ್ತೆ ಎಬ್ಬಿಸುತ್ತದೆ.

ಮೊದಲ ಸ್ಟಾಂಜಾದ ಹಾಡೂ ಇದರೊಳಗೆ ಸೇರಿತು. 11ನೇ ಸಾಲಿನಲ್ಲಿ ಆ ಹಾಡು ಕೇಳುವಾಗ ಮನುಷ್ಯರು ‘ರಿಪೋಸ್’ನಲ್ಲಿದ್ದಾರೆ, ಎಂದರೆ ಮಲಗಿದ್ದಾರೆ. ಅದೇ ಪದ 47ನೇ ಸಾಲಿನಲ್ಲಿ ಮರಳಿ ಬರುತ್ತದೆ, ಅಲ್ಲಿ ಆ ನಿದ್ದೆ ಸಾವಿನದು. ಒಮ್ಮೆ ರಾತ್ರಿಯ ನಿದ್ದೆಯಾಗಿದ್ದ ಪದ ಕೊನೆಯಲ್ಲಿ ಎಂದೆಂದಿಗೂ ಏಳದ ನಿದ್ದೆಯಾಗುವ ಹೊತ್ತಿಗೆ, ಮುಗಿಯದ ಆ ಹಾಡಿಗೂ ಬೇರೆ ಅರ್ಥ ಬಂದಿರುತ್ತದೆ. ಬಿಟ್ಟುಬಿಡಬೇಕೆಂದಿದ್ದ ಸಾಲೇ ಪ್ರಬಂಧದ ಕೊನೆಯ ಪ್ಯಾರಾ ಆಯಿತು. ಮರುಕಳಿಸುವ ಪದಗಳನ್ನು ಹುಡುಕಲು ಪೆನ್ಸಿಲ್ ಸಾಕು: ಕವಿತೆಯಲ್ಲಿ ಎರಡು ಸಲ ಬಂದ ಪ್ರತಿ ನಾಮಪದ, ಕ್ರಿಯಾಪದಕ್ಕೂ ಸುತ್ತು ಹಾಕಿ, ಎರಡು ಕಡೆಯೂ ಅರ್ಥ ಒಂದೇ ಇದೆಯೇ ಕೇಳಿ. ಒಂದು ಗಂಟೆಯ ಕೆಲಸ.

ಛಂದಸ್ಸು, ಪ್ರಾಸದ ಬಗ್ಗೆ ಒಂದು ಮಾತು. ಪ್ರಾಸಕ್ರಮ ಎಬಿಬಿಎ ಸಿಡಿಡಿಸಿ ಇಇಇ (ಒಂದೇ ಅಕ್ಷರ ಬಿದ್ದ ಸಾಲುಗಳ ಕೊನೆಗೆ ಪ್ರಾಸ ಕೂಡುತ್ತದೆ) ಎಂದು ಬರೆದು ಬಿಟ್ಟರೆ ಯಾವ ಅಂಕವೂ ಬರುವುದಿಲ್ಲ, ಅದು ಅಳತೆ ಮಾತ್ರ. ಆ ಕ್ರಮ ಏನು ಮಾಡುತ್ತದೆ ಎಂದು ಹೇಳಬೇಕು. ಮೂರನೇ ಸ್ಟಾಂಜಾದಲ್ಲಿ ‘ಡಿಯರ್’ ಪ್ರಾಸ ಕೂಡುವುದು ‘ಹಿಯರ್’ ಜೊತೆ. ಪ್ರಿಯವಾದದ್ದು ಯಾಕೆ ಕೇಳಿಸುತ್ತದೆ ಎಂಬ ನನ್ನ ವಾದಕ್ಕೆ ಇದು ನೇರ ಸಾಕ್ಷಿ, ಹಾಗಾಗಿ ಬಂತು. ಉಳಿದ ಸ್ಟಾಂಜಾಗಳ ಪ್ರಾಸವನ್ನು ಮುಟ್ಟಲಿಲ್ಲ.

ಬರೆಯಲು ಕೂತದ್ದು ಒಂಬತ್ತನೇ ದಿನ. ಪೀಠಿಕೆ 150 ಪದ, ಒಳಗಿನ ಐದು ಪ್ಯಾರಾ ತಲಾ 240ರ ಆಸುಪಾಸು, ಮುಕ್ತಾಯ 120. ಪ್ರತಿ ಪ್ಯಾರಾದಲ್ಲಿ ನಡೆಯಬೇಕಾದದ್ದು ಇಷ್ಟು: ಮೊದಲ ವಾಕ್ಯದಲ್ಲಿ ಆ ಪ್ಯಾರಾದ ಚಿಕ್ಕ ವಾದ, ಆಮೇಲೆ ಉಲ್ಲೇಖ ಕವಿತೆಯಲ್ಲಿ ಎಲ್ಲಿ ಬರುತ್ತದೆ ಎಂದು ಅರ್ಧ ವಾಕ್ಯ, ಆಮೇಲೆ ಉಲ್ಲೇಖ, ಆಮೇಲೆ ಅದರೊಳಗಿನ ಒಂದೆರಡು ಪದ ಬಿಡಿಸುವುದು. ಉಲ್ಲೇಖ ಒಂದು ಸಾಲಾದರೆ ಅದರ ಬಗ್ಗೆ ನಿಮ್ಮ ಮಾತು ಕನಿಷ್ಠ ಮೂರು ಸಾಲು. ನನ್ನ ಮೊದಲ ಕರಡಿನಲ್ಲಿ 11 ಸಾಲಿನ ಇಡೀ ಸ್ಟಾಂಜಾ ಎತ್ತಿಹಾಕಿ ಕೆಳಗೆ ಎರಡೇ ವಾಕ್ಯ ಇತ್ತು. ಅದನ್ನು ಕತ್ತರಿಸಿದ ಮೇಲೆ ಇಡೀ ಪ್ರಬಂಧದಲ್ಲಿ ಕವಿತೆಯ ಪದಗಳು 90ಕ್ಕೆ ಇಳಿದವು, ಸಾಕಾಯಿತು.

ಹಾಗೆಯೇ ಕತ್ತರಿಸಬೇಕಾದ ಇನ್ನೊಂದು, ಕವಿಯ ಜೀವನ. ಅಣ್ಣ ಅಬ್ಜು ತೀರಿದ್ದು 1865ರಲ್ಲಿ, ಅಕ್ಕ ಅರು 1874ರಲ್ಲಿ, ತೋರು ದತ್ 1877ರಲ್ಲಿ, 21ರ ಹರೆಯದಲ್ಲಿ. ಓದಿದವರ ಮನಸ್ಸು ಹಿಂಡುವ ಸಂಗತಿ ಇದು, ಅದಕ್ಕೇ ಅಪಾಯ. ಎರಡು ಪುಟ ಜೀವನಚರಿತ್ರೆ ಬರೆದು ಕವಿತೆ ಬರೀ ಅದರ ಕನ್ನಡಿ ಎಂದು ಮುಗಿಸುವ ಆಸೆ ಬರುತ್ತದೆ. ಕವಿತೆಯಲ್ಲಿ ಗೆಳೆಯರ ಹೆಸರಿಲ್ಲ, ಎಷ್ಟು ಮಂದಿ ಎಂದೂ ಇಲ್ಲ. ಮಾತಾಡುವ ದನಿಯನ್ನು ‘ಸ್ಪೀಕರ್’ ಎಂದೇ ಕರೆಯಿರಿ, ‘ಪೊಯೆಟ್’ ಎಂದಲ್ಲ. ಜೀವನದ ಸಂಗತಿ ಒಂದೆರಡು ವಾಕ್ಯ ಪೀಠಿಕೆಯಲ್ಲಿ ಸಾಕು. ಟಾಗೋರರ ಪ್ಯಾರಾ ತೆಗೆಯುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಉಳಿದದ್ದು, ತಮ್ಮ ನೆನಪುಗಳಲ್ಲಿ ಇಲ್ಲಿನ ಗಾಳಿಮರಗಳನ್ನು ಬರೆದದ್ದು, ಎಲ್ಲ ಸೇರಿ 140 ಪದ ಚಂದವಾಗಿ ಕೂತಿತ್ತು. ಆದರೆ ಅದು ವಾದದ ಯಾವ ಸಾಲನ್ನೂ ಎತ್ತಿ ಹಿಡಿಯುತ್ತಿರಲಿಲ್ಲ.

ಹೊರಗಿನ ಲೇಖನ ಎರಡು ಓದಬೇಕಿತ್ತು. ಕಾಲೇಜು ಗ್ರಂಥಾಲಯದ ಮೂಲಕ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಲೇಖನ ಒದಗಿಸುವ ಯೋಜನೆ) ಲಾಗಿನ್ ಪಡೆಯಬಹುದು, ನಮಗೆ ಅದು ಕೈಗೆ ಬರಲು ಆರು ದಿನ ಹಿಡಿಯಿತು. ಅರ್ಜಿಯನ್ನು ಮೊದಲ ದಿನವೇ ಹಾಕಿಡಿ. ಅಷ್ಟು ಕಾಯಲಾಗದವರು ಲೇಖನಗಳ ಜಾಲತಾಣವಾದ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದು ಪರದೆಯ ಮೇಲೆ ಓದಬಹುದು. ಆರು ದಿನ ಕಾದದ್ದರಿಂದ ಒಂದು ಒಳ್ಳೆಯದೂ ಆಯಿತು: ಬೇರೆಯವರ ಮಾತು ಓದುವ ಮೊದಲೇ ನಮ್ಮ ವಾದ ನಿಂತಿತ್ತು. ಮೊದಲೇ ಓದಿದ್ದರೆ ಅವರ ಮಾತನ್ನೇ ತಿರುವಿ ಬರೆಯುವಂತಾಗುತ್ತಿತ್ತು.

ಭಾಷೆಯಲ್ಲಿ ಕೆಂಪು ಶಾಯಿ ಹೆಚ್ಚು ಬಿದ್ದದ್ದು ಕಾಲದ ಮೇಲೆ. ಕವಿತೆಯೊಳಗೆ ನಡೆಯುವುದನ್ನು ವರ್ತಮಾನ ಕಾಲದಲ್ಲೇ ಬರೆಯಬೇಕು, ಕವಿಯ ಬದುಕಿನ ಸಂಗತಿಗೆ ಮಾತ್ರ ಭೂತಕಾಲ. ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ತಪ್ಪು ನುಸುಳುತ್ತದೆ. ‘ಬ್ಯೂಟಿಫುಲ್’, ‘ವಂಡರ್‌ಫುಲ್’ ಎಲ್ಲಿದ್ದರೂ ಹೊಡೆದು ಹಾಕಿ. ಇನ್ನೊಂದು, ವಾದದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದು ಬಹಳ ಸಹಾಯವಾಯಿತು, ಯೋಚನೆ ಗಟ್ಟಿಯಿದೆಯೇ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಪ್ಯಾರಾಗಳನ್ನು ಕನ್ನಡದಲ್ಲಿ ಬರೆದು ಅನುವಾದಿಸಲು ಹೋಗಬೇಡಿ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯ ಇಂಗ್ಲಿಷಿಗೆ ಹೋದಾಗ ಮೂರು ನಾಲ್ಕು ‘ವಿಚ್’ ಕಟ್ಟಿಕೊಂಡು ತೆವಳುತ್ತದೆ. ನನ್ನ ಎರಡನೇ ಪ್ಯಾರಾ ಹಾಗಾಗಿ, ಪೂರ್ತಿ ಅಳಿಸಿ ಮತ್ತೆ ಬರೆಯಬೇಕಾಯಿತು.

ಎಂಎಲ್‌ಎ ಕ್ರಮ 2021ರ ಒಂಬತ್ತನೇ ಆವೃತ್ತಿಯದು. ನಾಲ್ಕೂ ಕಡೆ ಒಂದು ಇಂಚು ಅಂಚು, 12ರ ಅಕ್ಷರ, ಇಡೀ ಪ್ರಬಂಧ ಡಬಲ್ ಸ್ಪೇಸ್, ಮೇಲೆ ಬಲಕ್ಕೆ ಹೆಸರಿನ ಕೊನೆಯ ಭಾಗ ಮತ್ತು ಪುಟಸಂಖ್ಯೆ. ಪ್ರತ್ಯೇಕ ಮುಖಪುಟ ಬೇಡ. ಮೂರು ಸಾಲಿನವರೆಗಿನ ಕಾವ್ಯವನ್ನು ವಾಕ್ಯದೊಳಗೇ ಓರೆಗೆರೆ ಹಾಕಿ ಬರೆಯಬೇಕು, ಗೆರೆಯ ಎರಡೂ ಬದಿ ಖಾಲಿ ಜಾಗ. ಮೂರಕ್ಕಿಂತ ಹೆಚ್ಚಾದರೆ ಅರ್ಧ ಇಂಚು ಒಳಗೆ ಸರಿಸಿ, ಉದ್ಧರಣ ಚಿಹ್ನೆ ಇಲ್ಲದೆ. ಮೊದಲ ಉಲ್ಲೇಖದಲ್ಲಿ ‘ಲೈನ್ಸ್’ ಎಂದು ಬರೆದು ಸಂಖ್ಯೆ, ಆಮೇಲಿನವುಗಳಲ್ಲಿ ಬರೀ ಸಂಖ್ಯೆ. ವಾಕ್ಯದೊಳಗಿನ ಉಲ್ಲೇಖದಲ್ಲಿ ಪೂರ್ಣವಿರಾಮ ಕಂಸದ ಹೊರಗೆ, ಆಮೇಲೆ.

ನಕಲು ಹಿಡಿಯುವ ತಂತ್ರಾಂಶದ ಸಾಮ್ಯ ಪರೀಕ್ಷೆಯಲ್ಲಿ ಶೇ. 19 ಎಂದು ಬಂದಾಗ ಎದೆ ಧಸಕ್ಕೆಂದಿತು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆ ಇಲ್ಲ, ನಮ್ಮಲ್ಲಿಯೂ ಅದೇ ಅಳತೆ ಹಿಡಿದಿದ್ದರು. ವರದಿ ಬಿಡಿಸಿ ನೋಡಿದರೆ ಬಣ್ಣ ಬಿದ್ದಿದ್ದು ಕವಿತೆಯ ಸಾಲುಗಳ ಮೇಲೆ ಮತ್ತು ಕೊನೆಯ ಗ್ರಂಥಪಟ್ಟಿಯ ಮೇಲೆ. ಅವೆರಡನ್ನೂ ಬಿಟ್ಟು ಲೆಕ್ಕ ಹಾಕುವ ಆಯ್ಕೆ ಅದರಲ್ಲೇ ಇದೆ. ಹಾಗೆ ಮಾಡಿದಾಗ ಶೇ. 6. ಸಂಖ್ಯೆ ನೋಡಿ ಹೆದರಿ ವಾಕ್ಯ ತಿರುಚಲು ಕೂರುವ ಮೊದಲು ಬಣ್ಣ ಎಲ್ಲಿ ಬಿದ್ದಿದೆ ನೋಡಿ.

ಕೊನೆಯ ಅಡ್ಡಿ ಚೌತಿಯದು. ಒಪ್ಪಿಸುವ ದಿನಕ್ಕೆ ಮೊದಲು ಹಬ್ಬ ಬಂದು ಜೆರಾಕ್ಸ್ ಅಂಗಡಿಗಳು ಎರಡು ದಿನ ಮುಚ್ಚಿದ್ದವು, ತೆರೆದ ದಿನ ಮಳೆಗೆ ಕರೆಂಟ್ ಇಲ್ಲ. ಪ್ರಿಂಟ್ ಆದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಅಂಚು ಬದಲಾಗಿ ಸಾಲುಗಳು ಜರುಗಿದ್ದು ಕಂಡು ಮತ್ತೆ ಹಾಕಿಸಬೇಕಾಯಿತು. ಪೆನ್‌ಡ್ರೈವಿನಲ್ಲಿ ವರ್ಡ್ ಕಡತದ ಜೊತೆ ಪಿಡಿಎಫ್ ಇಟ್ಟುಕೊಂಡಿದ್ದರೆ ಆ 70 ರೂಪಾಯಿ ಉಳಿಯುತ್ತಿತ್ತು. ಒಟ್ಟು ಖರ್ಚು: ಕವಿತೆಯ ಜೆರಾಕ್ಸ್ 12, ಎರಡು ಲೇಖನದ ಪ್ರಿಂಟ್ 138, ಪ್ರಬಂಧದ ಎರಡು ಪ್ರತಿ ಎರಡು ಬಾರಿ 140, ಸ್ಪೈರಲ್ 80. ಸೇರಿ 370 ರೂಪಾಯಿ.

ವೈವಾದಲ್ಲಿ ಹತ್ತು ನಿಮಿಷ. ಜೀವನದ ಬಗ್ಗೆ, ಇಸವಿಗಳ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಕೇಳಿದ್ದು 18ನೇ ಸಾಲು: ಎರಡನೇ ಸ್ಟಾಂಜಾ ಪೂರ್ತಿ ಕಣ್ಣಿನದು ಅಂತ ಬರೆದಿದ್ದೀರಲ್ಲ, ಹಾಗಾದರೆ ಅಲ್ಲಿ ಬೆಳಗನ್ನು ಕೂಗಿ ಕರೆಯುವ ಕೋಗಿಲೆಗಳು? ಆ ಸಾಲನ್ನು ಪ್ರಬಂಧದಲ್ಲಿ ಮುಟ್ಟಿರಲಿಲ್ಲ. “ಮೇಡಂ, ‘ಪೂರ್ತಿ’ ಅನ್ನುವ ಪದ ತಪ್ಪು. ಆದರೆ ಅಲ್ಲಿ ಕೂಗುವುದು ಹಕ್ಕಿ. ಮರ ತಾನೇ ದನಿ ತೆಗೆಯುವುದು 30ನೇ ಸಾಲಿನಲ್ಲಿ, ಕಣ್ಣು ಮಸುಕಾದ ಮೇಲೆ,” ಎಂದೆ. ಅವರು ಪ್ರತಿಯ ಅಂಚಿನಲ್ಲಿ 18 ಎಂದು ಬರೆದು ಸುತ್ತು ಹಾಕಿ, ಆ ‘ಪೂರ್ತಿ’ಯನ್ನು ಹೊಡೆದು ಹಾಕಿ ಪ್ರತಿ ಮುಚ್ಚಿದರು.